ಸ್ವತಂತ್ರ ಕೃತಿ ಎಂದರೆ ಯಾವುದು?

ಪ್ರತಿವರ್ಷವೂ ನಮ್ಮ ಕಾಲೇಜಿನ ಸೂಚನಾಫಲಕದ ಮೇಲೆ ಒಂದು ಪ್ರಕಟಣೆ ಬೀಳುತ್ತದೆ. ವಾರ್ಷಿಕ ಸಂಚಿಕೆಗೆ ಲೇಖನ, ಕಥೆ, ಕವನಗಳನ್ನು ಕಳುಹಿಸಬಹುದು, ಬರಹವು ಸ್ವತಂತ್ರವಾಗಿರತಕ್ಕದ್ದು, ಕಾಗದದ ಒಂದೇ ಮಗ್ಗುಲಲ್ಲಿ ಬರೆದಿರತಕ್ಕದ್ದು. ಈ ಕಡೆಯ ನಿಬಂಧನೆಯ ಅರ್ಥ ಎಲ್ಲರಿಗೂ ಗೊತ್ತು. ಅದರ ಹಿಂದಿನದರ ಅರ್ಥವೂ ನನಗೆ ಗೊತ್ತೆಂದು ಹೋದ ವರ್ಷದವರೆಗೆ ನಾನು ತಿಳಿದುಕೊಂಡಿದ್ದೆ.

ಹೋದ ವರ್ಷ ಸಂಪಾದಕ ಮಂಡಲಿಯಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ನಾನೂ ಒಬ್ಬನಿದ್ದೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿರುವ, ನನಗಿಂತ ಒಂದು ವರ್ಷ ಕಿರಿಯನಾದ ಗೆಳೆಯನೊಬ್ಬ ಹನ್ನೆರಡು ಚೌಪದಿಗಳನ್ನು ಅಂದವಾಗಿ ಬರೆದು ತಂದುಕೊಟ್ಟ. ಕೆರೆಯ ಏರಿ, ಹೊಂಗೆಯ ನೆರಳು, ಬುತ್ತಿಯ ರೊಟ್ಟಿ, ಬೆಳಗ್ಗೆ ಅರಳಿ ಸಂಜೆಗೆ ಬಾಡುವ ಹೂವು, ನಾಳೆಯನ್ನು ಕಂಡವರಾರು ಎಂಬ ಪ್ರಶ್ನೆ. ಎರಡು ಪದ್ಯ ಓದುವಷ್ಟರಲ್ಲಿಯೇ ನಾನು ಗುರುತು ಹಿಡಿದೆ. ಇದು ಉಮರ್ ಖಯ್ಯಾಮನ ರುಬಾಯಿಗಳನ್ನು ಇಂಗ್ಲಿಷಿಗೆ ತಂದ ಎಡ್ವರ್ಡ್ ಫಿಟ್ಜೆರಾಲ್ಡನ ದಾರಿ. ದ್ರಾಕ್ಷಿಯ ಬಳ್ಳಿಯಿದ್ದಲ್ಲಿ ಹೊಂಗೆಯ ಮರ ಬಂದಿತ್ತು. ಮಧುಪಾತ್ರೆಯಿದ್ದಲ್ಲಿ, ನಮ್ಮ ಹುಡುಗನ ಮರ್ಯಾದೆಗೆ ತಕ್ಕಂತೆ, ಮಜ್ಜಿಗೆಯ ತಂಬಿಗೆ! ನಾನು ಕೆಂಪು ಶಾಯಿಯಲ್ಲಿ ‘ಸ್ವತಂತ್ರವಲ್ಲ’ ಎಂದು ಬರೆದು ಹಿಂದಿರುಗಿಸಿದೆ. ನನ್ನ ಪಾಂಡಿತ್ಯದ ವಿಷಯದಲ್ಲಿ ನನಗೆ ಆ ದಿನ ಬಹಳ ಸಮಾಧಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅವನು ನನ್ನ ಕೋಣೆಗೆ ಬಂದ. ಸಿಟ್ಟು ಮಾಡಲಿಲ್ಲ. “ಅಣ್ಣ, ಇದು ಫಿಟ್ಜೆರಾಲ್ಡನದು ಅಂತೀರಿ. ಪುಸ್ತಕದ ಮೇಲೆ ಉಮರ್ ಖಯ್ಯಾಮನ ಹೆಸರಿದೆ. ನಾನು ಕದ್ದದ್ದು ಯಾರದ್ದನ್ನು, ಅದನ್ನಾದರೂ ಹೇಳಿ” ಎಂದ. ನಾನು ಏನೋ ಹೇಳಿ ಕಳುಹಿಸಿದೆ. ಹೇಳಿದ್ದು ಏನೆಂದು ಈಗ ನೆನಪಿಲ್ಲ, ಉತ್ತರವಂತೂ ಅಲ್ಲ. ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವಾಗ ಲೈಬ್ರರಿಯಿಂದ ಕೆಲವು ಪುಸ್ತಕಗಳನ್ನು ಹೊತ್ತುಕೊಂಡು ಹೋದದ್ದು ಆ ಪ್ರಶ್ನೆಯ ಕಾಟದಿಂದಲೇ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿಯೇ ಈ ಪ್ರಶ್ನೆ ತೀಕ್ಷ್ಣವಾದುದಕ್ಕೆ ಕಾರಣವುಂಟು. ಕೃತಿಯೆಂಬುದು ಕರ್ತೃವಿನ ಆಸ್ತಿ ಎಂಬ ಭಾವನೆ ಇಂಗ್ಲೆಂಡಿನಲ್ಲಿ ಗಟ್ಟಿಯಾಗಿ ಬೇರೂರಿದ್ದು ಆ ಕಾಲದಲ್ಲಿ. 1842ರ ಕಾಯಿದೆಯಂತೆ ಕರ್ತೃವಿನ ಜೀವಮಾನ ಮತ್ತು ಅವನ ತರುವಾಯ 7 ವರ್ಷ, ಅಥವಾ ಪುಸ್ತಕ ಪ್ರಕಟವಾದಂದಿನಿಂದ 42 ವರ್ಷ, ಇವುಗಳಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ ಹಕ್ಕು ಅವನದಾಯಿತು. ಹೊಲಕ್ಕೆ ಬೇಲಿ ಹಾಕಿದ ಹಾಗೆ ಪುಸ್ತಕಕ್ಕೂ ಬೇಲಿ ಬಿತ್ತು. ಆದರೆ ಬೇಲಿಯೊಳಗಿರುವ ಹೊಲದ ಮಣ್ಣು ಎಲ್ಲಿಂದ ಬಂತು ಎಂಬುದನ್ನು ಯಾವ ಕಾಯಿದೆಯೂ ಹೇಳಲಾರದು. ಫಿಟ್ಜೆರಾಲ್ಡನ ಕಥೆ ಆ ಮಣ್ಣಿನ ಕಥೆ. ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಫಿಟ್ಜೆರಾಲ್ಡ್ 1809ರಲ್ಲಿ ಸಫಕ್ ಪ್ರಾಂತದಲ್ಲಿ ಹುಟ್ಟಿದವನು. ಉಳ್ಳವರ ಮನೆಯ ಮಗ. ಕೇಂಬ್ರಿಜ್‌ನಲ್ಲಿ ಥ್ಯಾಕರೆಯ ಗೆಳೆಯ. ಮುಂದೆ ಟೆನಿಸನ್, ಕಾರ್ಲೈಲರಿಗೂ ಗೆಳೆಯ. ಉದ್ಯೋಗವೆಂಬುದೊಂದಿಲ್ಲದೆ, ಹಳ್ಳಿಗಾಡಿನಲ್ಲಿ ಓದುತ್ತ, ದೋಣಿ ನಡೆಸುತ್ತ, ಕಾಗದ ಬರೆಯುತ್ತ ಕಾಲ ಕಳೆದ. ಅವನಿಗೆ ಪಾರಸಿ ಭಾಷೆಯನ್ನು ಕಲಿಸಿದವನು ಅವನಿಗಿಂತ ಹದಿನೇಳು ವರ್ಷ ಚಿಕ್ಕವನಾದ ಎಡ್ವರ್ಡ್ ಕೌವೆಲ್. ಗುರು ಚಿಕ್ಕವನು, ಶಿಷ್ಯ ದೊಡ್ಡವನು. 1856ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಕೌವೆಲನಿಗೆ ಉಮರನ ಹೆಸರಿನ 158 ರುಬಾಯಿಗಳ ಹಸ್ತಪ್ರತಿಯೊಂದು ಕಣ್ಣಿಗೆ ಬಿತ್ತು. ಅದನ್ನು ಪ್ರತಿಮಾಡಿ ಗೆಳೆಯನಿಗೆ ಕೊಟ್ಟ. ಅದೇ ವರ್ಷ ಕೌವೆಲ್ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಪ್ರಾಧ್ಯಾಪಕನಾಗಿ ಹಡಗು ಹತ್ತಿದ. ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿ ಇನ್ನೊಂದು ದೊಡ್ಡ ಪ್ರತಿ ಸಿಕ್ಕಿತು. ಅದರ ನಕಲೂ ಸಮುದ್ರ ದಾಟಿ ಫಿಟ್ಜೆರಾಲ್ಡನ ಕೈ ಸೇರಿತು. ಅಷ್ಟೇ ಅಲ್ಲ, 1858ರಲ್ಲಿ ಕೌವೆಲ್ ‘ಕಲ್ಕತ್ತಾ ರಿವ್ಯೂ’ ಪತ್ರಿಕೆಯಲ್ಲಿ ಉಮರನನ್ನು ಕುರಿತು ಒಂದು ಲೇಖನ ಬರೆದ. ಪಾರಸಿಯ ಜ್ಯೋತಿಶ್ಶಾಸ್ತ್ರಜ್ಞ ಕವಿ ಎಂಬ ಮಾತು ಆ ಲೇಖನದ ಶೀರ್ಷಿಕೆಯಲ್ಲಿದೆ. ಮಾರನೆಯ ವರ್ಷದ ಫಿಟ್ಜೆರಾಲ್ಡನ ಪುಸ್ತಕದ ಮುಖಪುಟದಲ್ಲಿಯೂ ಅದೇ ಮಾತಿದೆ! ಆಂಗ್ಲ ಕಾವ್ಯದ ಈ ರತ್ನದ ಹಿಂದೆ ನಮ್ಮ ದೇಶದ ಒಂದು ಗ್ರಂಥಭಂಡಾರವೂ ಒಂದು ಪತ್ರಿಕೆಯೂ ಇವೆಯೆಂಬುದು ನನಗೆ ಮೊದಲು ತಿಳಿದಿರಲಿಲ್ಲ. ನಮ್ಮ ತರಗತಿಯಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ ಕಾಣೆ.

ಪುಸ್ತಕದ ಹುಟ್ಟೂ ವಿಚಿತ್ರ. ಆಯ್ದ ಕೆಲವು ಪದ್ಯಗಳನ್ನು ಅವನು ‘ಫ್ರೇಜರ್ಸ್ ಮ್ಯಾಗಜೀನ್’ಗೆ ಕಳುಹಿಸಿದ. ಅವರು ಹೆಚ್ಚುಕಡಮೆ ಒಂದು ವರ್ಷ ಇಟ್ಟುಕೊಂಡು ಕೂತರು, ಅಚ್ಚು ಹಾಕಲಿಲ್ಲ. (ನಮ್ಮ ವಾರ್ಷಿಕ ಸಂಚಿಕೆಯೊಂದೇ ಹೀಗೆ ಎಂದುಕೊಂಡವರು ಸಮಾಧಾನ ತಂದುಕೊಳ್ಳಬಹುದು.) ಕೊನೆಗೆ ಅವನೇ 1859ರಲ್ಲಿ 75 ಪದ್ಯಗಳನ್ನು ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿ, ಲಂಡನ್ನಿನ ಪುಸ್ತಕ ವ್ಯಾಪಾರಿ ಕ್ವಾರಿಚ್‌ನ ಅಂಗಡಿಯಲ್ಲಿಟ್ಟ. ಕೊಳ್ಳುವವರಿಲ್ಲ. ಒಂದು ಷಿಲಿಂಗಿನ ಪುಸ್ತಕ ಒಂದು ಪೆನ್ನಿಯ ಪೆಟ್ಟಿಗೆಗೆ ಇಳಿಯಿತು. 1861ರಲ್ಲಿ ಆ ಪೆಟ್ಟಿಗೆಯಿಂದ ಎತ್ತಿಕೊಂಡವರ ಮೂಲಕ ಕವಿ ರೊಸೆಟ್ಟಿಯ ಕೈಗೆ ಬಂತು, ಅವನಿಂದ ಸ್ವಿನ್‌ಬರ್ನನಿಗೆ ಹೋಯಿತು. ಅಲ್ಲಿಂದ ಅದರ ದೆಸೆ ತಿರುಗಿತು.

ಮುಖಪುಟದಲ್ಲಿ ಉಮರ್ ಖಯ್ಯಾಮನ ಹೆಸರಿತ್ತು, ಇಂಗ್ಲಿಷ್ ಪದ್ಯಕ್ಕೆ ಭಾಷಾಂತರಿಸಿದುದೆಂಬ ಮಾತಿತ್ತು, ಭಾಷಾಂತರಿಸಿದವನ ಹೆಸರು ಮಾತ್ರ ಇರಲಿಲ್ಲ. 1863ರಲ್ಲಿ ರಸ್ಕಿನ್ ಇದನ್ನು ಓದಿ ಮೆಚ್ಚಿ, ಯಾರೆಂದು ತಿಳಿಯದ ಆ ಭಾಷಾಂತರಕಾರನಿಗೆ ಒಂದು ಕಾಗದ ಬರೆದ. ವಿಳಾಸವಿಲ್ಲದ ಕಾಗದವನ್ನು ಎಲ್ಲಿಗೆ ಹಾಕುವುದು? ಚಿತ್ರಕಾರ ಬರ್ನ್-ಜೋನ್ಸ್‌ನ ಪತ್ನಿಯ ಕೈಯಲ್ಲಿ ಕೊಟ್ಟು, ಎಂದಾದರೂ ಮನುಷ್ಯ ಸಿಕ್ಕರೆ ತಲುಪಿಸಬೇಕೆಂದು ಹೇಳಿದ. ಆ ಕಾಗದ ಸುಮಾರು ಹತ್ತು ವರ್ಷ ಹಾಗೆಯೇ ಇದ್ದು, ಅಮೆರಿಕದ ನಾರ್ಟನ್ ಎಂಬ ವಿದ್ವಾಂಸನಿಗೆ ಬಂದು, ಅವನಿಂದ ಕಾರ್ಲೈಲನಿಗೆ ಹೋಗಿ, 1873ರಲ್ಲಿ ಫಿಟ್ಜೆರಾಲ್ಡನನ್ನು ಮುಟ್ಟಿತು. ಕಾರ್ಲೈಲನಂತೂ ಫಿಟ್ಜೆರಾಲ್ಡನ ಹಳೆಯ ಸ್ನೇಹಿತ. ತನ್ನ ಸ್ನೇಹಿತನೇ ಆ ಪ್ರಸಿದ್ಧ ಅಜ್ಞಾತನೆಂಬುದು ಅಷ್ಟು ವರ್ಷ ಅವನಿಗೇ ಗೊತ್ತಿರಲಿಲ್ಲ.

ಹೆಸರು ಹಾಕದಿದ್ದುದಕ್ಕೆ ವಿನಯವೊಂದೇ ಕಾರಣವಲ್ಲವೆಂದು ನನ್ನ ಊಹೆ. 1853ರಲ್ಲಿ ಸ್ಪೇನಿನ ಕಾಲ್ಡೆರಾನನ ಆರು ನಾಟಕಗಳನ್ನು ಸ್ವಚ್ಛಂದವಾಗಿ ಭಾಷಾಂತರಿಸಿ ತನ್ನ ಹೆಸರಿನಲ್ಲಿಯೇ ಪ್ರಕಟಿಸಿದಾಗ, ‘ಅಥೀನಿಯಮ್’ ಪತ್ರಿಕೆ ಕಟುವಾಗಿ ಬರೆದಿತ್ತು. ಒಮ್ಮೆ ಕೈ ಸುಟ್ಟುಕೊಂಡವನು ಎರಡನೆಯ ಸಲ ಒಲೆಯ ಹತ್ತಿರ ಹೋಗುವಾಗ ಹುಷಾರಾಗಿರುತ್ತಾನೆ.

ಹಾಗಾದರೆ ಅವನು ಮಾಡಿದ್ದು ಏನು? ಎಡ್ವರ್ಡ್ ಹೆರಾನ್-ಅಲೆನ್ ಎಂಬ ವಿದ್ವಾಂಸ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕೂತು ಪದ್ಯಪದ್ಯವನ್ನೂ ಪಾರಸಿಯ ಪಕ್ಕದಲ್ಲಿಟ್ಟು ನೋಡಿದ. ಕಡೆಯ ಪರಿಷ್ಕರಣದ 101 ಪದ್ಯಗಳಲ್ಲಿ 49 ಒಂದೊಂದು ಪಾರಸಿ ಪದ್ಯವನ್ನು ನಿಷ್ಠೆಯಿಂದ ಅನುಸರಿಸಿದವು. 44 ಒಂದಕ್ಕಿಂತ ಹೆಚ್ಚು ಪದ್ಯಗಳನ್ನು ಕರಗಿಸಿ ಎರಕ ಹೊಯ್ದವು. ಉಳಿದ ಎಂಟರಲ್ಲಿ ಎರಡು ಇನ್ನೊಂದು ಅಚ್ಚಿನ ಪಾಠದಿಂದ ಬಂದವು, ಎರಡು ಅತ್ತಾರ್ ಕವಿಯ ಛಾಯೆ, ಎರಡು ಹಾಫಿಜನ ಛಾಯೆ, ಇನ್ನೆರಡು ಒಟ್ಟು ಕಾವ್ಯದ ಭಾವದಿಂದ ಮೂಡಿದವು. ಲೆಕ್ಕ ಸರಿಹೋಯಿತು. ಈ ಲೆಕ್ಕವನ್ನು ನೋಡಿದ ಮೊದಲ ಗಳಿಗೆಯಲ್ಲಿ ನನಗೆ ಸಂತೋಷವೇ ಆಯಿತು. ನನ್ನ ಕೆಂಪು ಶಾಯಿಗೆ ಸಮರ್ಥನೆ ಸಿಕ್ಕಿತೆಂದುಕೊಂಡೆ. ಎಲ್ಲವೂ ಬೇರೆಯವರದೇ ಆದರೆ ಫಿಟ್ಜೆರಾಲ್ಡನದೆಂಬುದು ಏನುಳಿಯಿತು?

ಉಳಿದದ್ದು ಬಹಳ. ಪಾರಸಿ ಸಂಗ್ರಹಗಳಲ್ಲಿ ರುಬಾಯಿಗಳನ್ನು ಪ್ರಾಸಾಕ್ಷರದ ಕ್ರಮದಲ್ಲಿ, ನಮ್ಮ ನಿಘಂಟಿನ ಪದಗಳ ಹಾಗೆ, ಜೋಡಿಸಿರುವುದು ವಾಡಿಕೆ. ಒಂದು ಪದ್ಯ ನಗುತ್ತದೆ, ಪಕ್ಕದ್ದು ಅಳುತ್ತದೆ. ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ. ಫಿಟ್ಜೆರಾಲ್ಡ್ ಇವುಗಳಲ್ಲಿ ಬೇಕಾದುದನ್ನು ಆರಿಸಿ ಒಂದು ದಿನದ ದಾರದಲ್ಲಿ ಪೋಣಿಸಿದ. ಸೂರ್ಯೋದಯದಲ್ಲಿ ಕಾವ್ಯ ಎಚ್ಚರಗೊಳ್ಳುತ್ತದೆ. ಹೊತ್ತು ಏರಿದಂತೆ ಸಂಶಯವೂ ದರ್ಪವೂ ಏರುತ್ತವೆ. ಕುಂಬಾರನ ಅಂಗಡಿಯ ಮಡಕೆಗಳು ಮಾತಾಡುತ್ತವೆ. ಕೊನೆಗೆ ಚಂದ್ರ ಹುಟ್ಟುವ ಹೊತ್ತಿಗೆ ಮಾತು ತಗ್ಗುತ್ತದೆ. ಈ ಹಗಲು ಪಾರಸಿಯ ಹಸ್ತಪ್ರತಿಯಲ್ಲಿ ಇಲ್ಲ. ಮೂರನೆಯ ಪಾದವನ್ನು ಪ್ರಾಸವಿಲ್ಲದೆ ತೂಗಬಿಟ್ಟು ನಾಲ್ಕನೆಯದರಲ್ಲಿ ಮರಳಿ ಹಿಡಿಯುವ ಪಾರಸಿ ಧಾಟಿಯನ್ನು ಇಂಗ್ಲಿಷಿಗೆ ಹೊಂದಿಸಿದವನೂ ಅವನೇ. ತುಂಬಿಸಿ ನಿಲ್ಲಿಸಿದ ಹದ್ದಿಗಿಂತ ಜೀವವಿರುವ ಗುಬ್ಬಿ ಮೇಲೆಂಬ ಅಭಿಪ್ರಾಯವನ್ನು ಅವನು ಒಂದು ಕಾಗದದಲ್ಲಿ ಹೇಳಿಕೊಂಡಿದ್ದಾನೆ. ಅವನ ಗುಬ್ಬಿಗೆ ಜೀವವಿದೆಯೆಂಬುದನ್ನು ಶತಮಾನಕ್ಕೂ ಮಿಕ್ಕಿ ಓದುಗರು ಒಪ್ಪಿದ್ದಾರೆ.

ಇಷ್ಟು ಹೊಗಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. 1857ರಲ್ಲಿ ಅವನು ಕೌವೆಲನಿಗೆ ಬರೆದ ಕಾಗದವೊಂದರಲ್ಲಿ, ಈ ಪಾರಸಿಗಳ ವಿಷಯದಲ್ಲಿ ಮನಬಂದಂತೆ ಸ್ವಾತಂತ್ರ್ಯ ವಹಿಸುವುದು ತನಗೊಂದು ವಿನೋದವೆಂದೂ, ಹೆದರಿ ಹಿಂಜರಿಯಬೇಕಾದಂಥ ಕವಿಗಳು ಅವರಲ್ಲವೆಂದೂ ಹೇಳಿದ್ದಾನೆ. ಇದು ಆಳುವ ಜನಾಂಗದವನ ಮಾತು. ಅದು ಯಾವ ವರ್ಷದಲ್ಲಿ ಬರೆದ ಕಾಗದವೆಂಬುದನ್ನು ಭಾರತೀಯ ಓದುಗನು ಮರೆಯುವುದು ಕಷ್ಟ. ಅವನು ಕಾಲ್ಡೆರಾನನನ್ನೂ ಗ್ರೀಕರ ಈಸ್ಕಿಲಸನನ್ನೂ ಹೀಗೆಯೇ ಎಳೆದಾಡಿದನೆಂದು ಅವನ ಪರವಾಗಿ ಹೇಳಬಹುದು. ಆದರೂ ಆ ವಾಕ್ಯದ ಧ್ವನಿ ಬೇರೆ. ಕೃತಿ ಚೆನ್ನಾಗಿ ಬಂತೆಂಬ ಕಾರಣಕ್ಕೆ ಆ ಮಾತನ್ನು ಕ್ಷಮಿಸಲು ನಾನು ಸಿದ್ಧನಿಲ್ಲ. ಆ ಮಾತು ಆಡಿದನೆಂಬ ಕಾರಣಕ್ಕೆ ಕೃತಿಯನ್ನು ಬಿಡಲೂ ಸಿದ್ಧನಿಲ್ಲ.

ಇನ್ನು ನನ್ನ ಗೆಳೆಯನ ಪ್ರಶ್ನೆಯ ಇನ್ನೊಂದು ತುದಿ: ಉಮರ್. ನಿಶಾಪುರದ ಈ ಗಣಿತಜ್ಞ ತೀರಿಕೊಂಡದ್ದು 1131ರ ಸುಮಾರಿಗೆ. ಆಕ್ಸ್‌ಫರ್ಡಿನ ಹಸ್ತಪ್ರತಿ 1460-61ರದು. ನಡುವೆ ಮುನ್ನೂರು ವರ್ಷಕ್ಕೆ ಮೀರಿದ ಅಂತರ. ಹೀಗಿರುವಾಗ 1897ರಲ್ಲಿ ರಷ್ಯದ ವಿದ್ವಾಂಸ ಝುಕೋವ್‌ಸ್ಕಿ, ಉಮರನ ಹೆಸರಿನಲ್ಲಿ ಓಡಾಡುತ್ತಿರುವ 82 ಪದ್ಯಗಳು ಬೇರೆ ಬೇರೆ ಪಾರಸಿ ಕವಿಗಳ ಹೆಸರಿನಲ್ಲಿಯೂ ಸಿಕ್ಕುತ್ತವೆಂದು ತೋರಿಸಿದ. ಅವುಗಳಿಗೆ ‘ಅಲೆಮಾರಿ ರುಬಾಯಿ’ಗಳೆಂದೇ ಹೆಸರು ಬಿತ್ತು. ನಮ್ಮಲ್ಲಿ ಯಾರೋ ಹಾಡಿದ ಪದಕ್ಕೆ ಕೊನೆಯಲ್ಲಿ ದೊಡ್ಡವರೊಬ್ಬರ ಅಂಕಿತ ಬಿದ್ದುಬಿಡುವುದಿಲ್ಲವೆ, ಹಾಗೆ. ಅಂದಮೇಲೆ ಮೂಲವೆಂದು ನಾವು ಬೆರಳು ಮಾಡಿ ತೋರಿಸುವ ಕಡೆಯೂ ನೆಲ ಗಟ್ಟಿಯಾಗಿಲ್ಲ.

ಇದಕ್ಕೆ ಒಂದು ನಗೆಪಾಟಲಿನ ಉತ್ತರಕಥೆಯೂ ಇದೆ. 1967ರಲ್ಲಿ ಆಂಗ್ಲ ಕವಿ ರಾಬರ್ಟ್ ಗ್ರೇವ್ಸ್, ಓಮರ್ ಅಲಿ-ಷಾ ಎಂಬವರೊಡನೆ ಸೇರಿ, ಫಿಟ್ಜೆರಾಲ್ಡ್ ಉಮರನನ್ನು ಕೆಡಿಸಿದನೆಂದು ಜರೆದು, 12ನೆಯ ಶತಮಾನದ ಅಪ್ಪಟ ಹಸ್ತಪ್ರತಿಯಿಂದ ಮಾಡಿದುದೆಂದು ಒಂದು ಹೊಸ ಭಾಷಾಂತರವನ್ನು ಹೊರತಂದ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪಾರಸಿ ವಿದ್ವಾಂಸ ಎಲ್ವೆಲ್-ಸಟನ್ ಅದನ್ನು ಪರೀಕ್ಷಿಸಿ, ಅದು ಯಾವ ಹಸ್ತಪ್ರತಿಯಿಂದಲೂ ಬಂದುದಲ್ಲ, ಹೆರಾನ್-ಅಲೆನ್ ಫಿಟ್ಜೆರಾಲ್ಡನ ಮೂಲಗಳೆಂದು ಪಟ್ಟಿಮಾಡಿ ಕೊಟ್ಟಿದ್ದ ಪದ್ಯಗಳನ್ನೇ ಅನುಸರಿಸಿದೆ ಎಂದು ತೋರಿಸಿಕೊಟ್ಟ. ಆ ಹಸ್ತಪ್ರತಿಯನ್ನು ತೋರಿಸಿರೆಂದರೆ ತೋರಿಸಿದವರಿಲ್ಲ. ಮೂಲಶುದ್ಧಿಯ ಹೆಸರಿನಲ್ಲಿ ಹೊರಟವರು ಫಿಟ್ಜೆರಾಲ್ಡನ ನೆರಳಿನಲ್ಲಿಯೇ ನಡೆದು ಬಂದಿದ್ದರು.

ಇವೆಲ್ಲವನ್ನೂ ಓದಿ ‘ಕಳವು ಎಂಬುದೇ ಇಲ್ಲ, ಎಲ್ಲರೂ ಎಲ್ಲರಿಂದಲೂ ತೆಗೆದುಕೊಂಡವರೇ’ ಎಂಬ ನಿರ್ಣಯಕ್ಕೆ ಬರುವುದು ಸುಲಭ. ಪರೀಕ್ಷೆಯ ಮುನ್ನಾದಿನಗಳಲ್ಲಿ ಅದು ಬಹಳ ಪ್ರಿಯವಾದ ಸಿದ್ಧಾಂತವೂ ಹೌದು. ನಾನು ಒಪ್ಪುವುದಿಲ್ಲ. ಅದೇ ಯುಗದಲ್ಲಿ ನಿಜವಾದ ಕಳವುಗಳೂ ನಡೆದಿವೆ. 1843ರ ಡಿಸೆಂಬರಿನಲ್ಲಿ ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ ಹೊರಬಿತ್ತು. ಮುಂದಿನ ಜನವರಿಯೊಳಗೆ ಒಂದು ಅಗ್ಗದ ಪತ್ರಿಕೆ ಅದನ್ನು ಅಲ್ಲಲ್ಲಿ ಮಾತು ಬದಲಿಸಿ, ಮೊಟಕುಮಾಡಿ ಮಾರತೊಡಗಿತು. ನ್ಯಾಯಾಲಯದಲ್ಲಿ ಆ ಪ್ರಕಾಶಕರ ವಾದವೇನು ಗೊತ್ತೆ? ತಾವು ಕದ್ದಿಲ್ಲ, ಉತ್ತಮಪಡಿಸಿದ್ದೇವೆ! ಕಥೆಗೆ ‘ಮರುಹುಟ್ಟು’ ಕೊಟ್ಟಿದ್ದೇವೆ! ಡಿಕನ್ಸ್ ಗೆದ್ದ, ಗೆದ್ದರೂ ಎದುರಾಳಿಗಳು ದಿವಾಳಿಯೆದ್ದುದರಿಂದ ಸುಮಾರು 700 ಪೌಂಡು ಖರ್ಚು ಅವನ ತಲೆಯ ಮೇಲೆಯೇ ಬಿತ್ತು. ದಾವೆ ಗೆದ್ದವನು ಸೋತ ಎಂಬ ನಮ್ಮ ಹಳ್ಳಿಯ ಮಾತು ಲಂಡನ್ನಿಗೂ ಸಲ್ಲುತ್ತದೆ. 1852ರ ನವೆಂಬರಿನಲ್ಲಿ ವೆಲಿಂಗ್ಟನ್ ಡ್ಯೂಕನು ತೀರಿಕೊಂಡುದಕ್ಕಾಗಿ ಪಾರ್ಲಿಮೆಂಟಿನಲ್ಲಿ ಡಿಸ್ರೇಲಿ ಶ್ರದ್ಧಾಂಜಲಿಯ ಭಾಷಣ ಮಾಡಿದ. ಆತ ಆಗ ಅರ್ಥಸಚಿವ, ಹೆಸರಾಂತ ಕಾದಂಬರಿಕಾರ. ಆ ಭಾಷಣದ ಒಂದು ಭಾಗ ಫ್ರಾನ್ಸಿನ ತಿಯೇರ್ ಬೇರೊಬ್ಬ ಸೇನಾನಿಯ ವಿಷಯದಲ್ಲಿ ಬರೆದುದೇ ಆಗಿತ್ತೆಂದು ‘ಗ್ಲೋಬ್’ ಪತ್ರಿಕೆ ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿತು. ಇಂಗ್ಲೆಂಡಿನ ವೀರನಿಗೆ ಫ್ರೆಂಚ್ ವೀರನ ಹೂಮಾಲೆ!

ಪ್ರಕಾಶಕರೂ ಡಿಸ್ರೇಲಿಯೂ ಮಾಡಿದ್ದಕ್ಕೂ ಫಿಟ್ಜೆರಾಲ್ಡ್ ಮಾಡಿದ್ದಕ್ಕೂ ವ್ಯತ್ಯಾಸವೆಲ್ಲಿ? ತೆಗೆದುಕೊಂಡದ್ದರ ಪ್ರಮಾಣದಲ್ಲಲ್ಲ. ಪ್ರಮಾಣವನ್ನೇ ಅಳೆದರೆ ಡಿಸ್ರೇಲಿಯದು ಒಂದು ಭಾಷಣದ ತುಂಡು, ಫಿಟ್ಜೆರಾಲ್ಡನದು ಪುಸ್ತಕವಿಡೀ. ಕಳ್ಳನು ಪರರ ವಸ್ತುವಿನ ಮೇಲೆ ತನ್ನ ಹೆಸರು ಕೊರೆಯುತ್ತಾನೆ. ಫಿಟ್ಜೆರಾಲ್ಡನು ತನ್ನ ಕೈಯ ಕೆಲಸದ ಮೇಲೂ ಪರರ ಹೆಸರನ್ನೇ ಕೊರೆದ. ಅವನಿಂದ ಉಮರನಿಗೆ ಆದ ಅನ್ಯಾಯವಿದ್ದರೆ ಅದು ಕಳವಿನದಲ್ಲ. ಉಮರ್ ಆಡಿದ್ದಾನೋ ಇಲ್ಲವೋ ತಿಳಿಯದ ಮಾತುಗಳನ್ನು ಅವನ ತಲೆಗೆ ಕಟ್ಟಿದ್ದು.

ಕರ್ತೃತ್ವ ಬೇರೆ, ಸ್ವಂತಿಕೆ ಬೇರೆ ಎಂಬುದಕ್ಕೆ ಅದೇ 1859ರಲ್ಲಿ ಇನ್ನೊಂದು ದೃಷ್ಟಾಂತ ಸಿಕ್ಕುತ್ತದೆ. ‘ಆ್ಯಡಮ್ ಬೀಡ್’ ಕಾದಂಬರಿ ಜಾರ್ಜ್ ಎಲಿಯಟ್ ಎಂಬ ಹೆಸರಿನಲ್ಲಿ ಹೊರಬಂದು ಮನೆಮಾತಾಯಿತು. ಆ ಹೆಸರಿನವನು ಯಾರೆಂದು ಜನ ಹುಡುಕಿದರು. ನನೀಟನ್ ಕಡೆಯ ಜೋಸೆಫ್ ಲಿಗಿನ್ಸ್ ಎಂಬ, ರೊಟ್ಟಿ ಅಂಗಡಿಯವನ ಮಗನೊಬ್ಬನೇ ನಿಜವಾದ ಕರ್ತೃವೆಂದು ಪಾದ್ರಿಯೊಬ್ಬರು ‘ಟೈಮ್ಸ್’ ಪತ್ರಿಕೆಗೇ ಬರೆದರು. ಪ್ರಕಾಶಕರು ಅವನಿಗೆ ಕಾಸು ಕೊಡದೆ ಮೋಸಮಾಡಿದರೆಂದು ಮರುಗಿದ ಸಜ್ಜನರು ಚಂದಾ ಎತ್ತಿದರು! ಕೊನೆಗೆ ಅದೇ ವರ್ಷ ಮೇರಿಯನ್ ಇವಾನ್ಸ್ ಎಂಬ ಹೆಂಗಸು ತಾನೇ ಎಂದು ಹೊರಬರಬೇಕಾಯಿತು. ಇಲ್ಲಿ ಸ್ವಂತಿಕೆಯ ಪ್ರಶ್ನೆಯೇ ಇಲ್ಲ. ಹೆಸರಿನ ಕಳವು ಮಾತ್ರ. ಒಂದು ಸಾಲನ್ನೂ ನಕಲುಮಾಡದೆ ಇಡೀ ಕಾದಂಬರಿಯನ್ನೇ ಒಬ್ಬನ ಹೆಸರಿಗೆ ಬರೆದುಬಿಡಬಹುದು. ಹೆಂಗಸಾದ ಕಾರಣ ಅವಳು ಗಂಡಸಿನ ಹೆಸರು ಹೊದ್ದುಕೊಳ್ಳಬೇಕಾಗಿ ಬಂದಿತ್ತೆಂಬುದನ್ನು ನಮ್ಮ ಸೋದರಿಯರು ಗಮನಿಸಿಯೇ ಇರುತ್ತಾರೆ.

ಮೂಲ ಹುಡುಕುವವರ ಗೀಳಿನ ವಿಷಯವೂ ಒಂದು ಮಾತು. ಚರ್ಟನ್ ಕಾಲಿನ್ಸ್ ಎಂಬ ವಿಮರ್ಶಕ 1880ರಲ್ಲಿ ಆರಂಭಿಸಿ 1891ರಲ್ಲಿ ಒಂದು ಪುಸ್ತಕವನ್ನೇ ಮಾಡಿದ: ಟೆನಿಸನ್ನನ ಯಾವ ಸಾಲು ಯಾವ ಲ್ಯಾಟಿನ್, ಗ್ರೀಕ್ ಕವಿಯನ್ನು ಹೋಲುತ್ತದೆಂಬ ಪಟ್ಟಿ. ಟೆನಿಸನ್ ಬಹಳ ಸಿಡುಕಿದ. ಸಿಡುಕಿದ್ದು ನ್ಯಾಯವೇ. ಅಲೆ ಬಂಡೆಗೆ ಬಡಿಯುವುದನ್ನು ಕಣ್ಣಾರೆ ಕಂಡು ಬರೆದವನಿಗೆ, ಇದು ಹೋಮರನಲ್ಲಿದೆ ಎಂದರೆ ಯಾರಿಗೆ ತಾನೆ ರೇಗುವುದಿಲ್ಲ? ನಮ್ಮ ಆನಂದವರ್ಧನನು ಧ್ವನ್ಯಾಲೋಕದ ಕಡೆಯ ಉದ್ಯೋತದಲ್ಲಿ ಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕನ್ನಡಿಯೊಳಗಿನ ಬಿಂಬದಂಥದು, ಬರೆದ ಚಿತ್ರದಂಥದು, ಒಬ್ಬನನ್ನು ಹೋಲುವ ಇನ್ನೊಬ್ಬ ಸಜೀವ ಮನುಷ್ಯನಂಥದು. ಮೊದಲೆರಡು ತ್ಯಾಜ್ಯ, ಮೂರನೆಯದು ತ್ಯಾಜ್ಯವಲ್ಲ. ಅಣ್ಣನ ಮೂಗು ತಮ್ಮನಿಗೆ ಬಂದರೆ ತಮ್ಮನು ಕಳ್ಳನಾಗುವುದಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಹೇಳಿದ ಈ ವಿವೇಕ ಕಾಲಿನ್ಸನ ಪಟ್ಟಿಯಲ್ಲಿ ಕಾಣುವುದಿಲ್ಲ. ಹೆರಾನ್-ಅಲೆನ್ ಮಾಡಿದ್ದೂ ಪಟ್ಟಿಯೇ. ಆದರೆ ಅದನ್ನು ನೋಡಿದ ಮೇಲೆ ಫಿಟ್ಜೆರಾಲ್ಡನ ಕೈಚಳಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಕನ್ನಡಕ್ಕೆ ಬಂದರೆ ಈ ಸರಪಣಿಗೆ ಇನ್ನೊಂದು ಕೊಂಡಿ ಸೇರುತ್ತದೆ. ಡಿ. ವಿ. ಗುಂಡಪ್ಪನವರ ‘ಉಮರನ ಒಸಗೆ’ ಫಿಟ್ಜೆರಾಲ್ಡನ ಇಂಗ್ಲಿಷಿನಿಂದ ಬಂದದ್ದು. ಪಾರಸಿಯ ಅಲೆಮಾರಿ ಪದ್ಯಗಳು, ಅವಕ್ಕೆ ಉಮರನ ಹೆಸರು, ಸಫಕ್ಕಿನ ಹಳ್ಳಿಯ ಇಂಗ್ಲಿಷ್, ಕೊನೆಗೆ ನಮ್ಮ ಕನ್ನಡ. ನಾವು ಅದನ್ನು ಕನ್ನಡ ಕಾವ್ಯವಾಗಿಯೇ ಓದಿ ಸವಿಯುತ್ತೇವೆ, ಎಲ್ಲಿಂದ ಬಂತೆಂದು ತಿಳಿದೇ ಸವಿಯುತ್ತೇವೆ. ಬಿ. ಎಂ. ಶ್ರೀಕಂಠಯ್ಯನವರಂತೂ ತಮ್ಮ ಸಂಕಲನಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಹೊಸಗನ್ನಡ ಕವಿತೆಗೆ ದಾರಿ ತೆರೆದ ಪುಸ್ತಕ ತಾನು ಸ್ವತಂತ್ರವಲ್ಲವೆಂದು ಹೊದಿಕೆಯ ಮೇಲೆಯೇ ಹೇಳಿಕೊಂಡಿತು. ನಮ್ಮ ಸೂಚನಾಫಲಕದ ನಿಬಂಧನೆಯಂತೆ ನೋಡಿದರೆ ಅದನ್ನು ನಾನು ಕೆಂಪು ಶಾಯಿ ಹಾಕಿ ಹಿಂದಿರುಗಿಸಬೇಕಾಗಿತ್ತು!

ಇಲ್ಲಿಯವರೆಗೆ ಬೇರೆಯವರ ಮಾತಾಯಿತು. ಹೋದ ವರ್ಷದ ಸಂಚಿಕೆಯಲ್ಲಿ ಟೆನಿಸನ್ನನ ಪ್ರಕೃತಿವರ್ಣನೆಯನ್ನು ಕುರಿತು ಒಂದು ಪ್ರಬಂಧ ಬಂದಿತ್ತು; ಕೆಲವರಾದರೂ ಓದಿರಬಹುದು. ಬರೆದವನು ನಾನೇ. ಇಬ್ಬರು ಅಧ್ಯಾಪಕರು ಕರೆದು ಬೆನ್ನು ತಟ್ಟಿದರು. ಆ ಪ್ರಬಂಧದ ಹದಿನಾಲ್ಕು ಪ್ಯಾರಾಗಳಲ್ಲಿ ಹನ್ನೊಂದು, ನಮ್ಮ ಲೈಬ್ರರಿಯ ಮೂರು ಪುಸ್ತಕಗಳ ಪೀಠಿಕೆಗಳಿಂದ ಕನ್ನಡಕ್ಕೆ ತಿರುಗಿಸಿದವು. ಯಾವ ಪುಸ್ತಕದ ಹೆಸರನ್ನೂ ನಾನು ಹೇಳಿರಲಿಲ್ಲ. ಒಂದು ಕಡೆ ‘ನನ್ನ ಅಭಿಪ್ರಾಯದಲ್ಲಿ’ ಎಂದೂ ಬರೆದಿದ್ದೆ. ಆ ಅಭಿಪ್ರಾಯ ಮೂರನೆಯ ಪೀಠಿಕೆಯದು. ಭಾಷೆ ಬದಲಾಯಿತಾದ್ದರಿಂದ ಅದು ಸ್ವತಂತ್ರವಾಯಿತೆಂದು ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ. ಅದನ್ನು ಒಪ್ಪಿದ ಕೈಯೇ, ಅದೇ ವಾರದಲ್ಲಿ, ನನ್ನ ಗೆಳೆಯನ ಹನ್ನೆರಡು ಪದ್ಯಗಳ ಮೇಲೆ ‘ಸ್ವತಂತ್ರವಲ್ಲ’ ಎಂದು ಬರೆದದ್ದು.

ಅವನ ಪದ್ಯಗಳಲ್ಲಿ ಫಿಟ್ಜೆರಾಲ್ಡ್ ಇದ್ದ, ನಿಜ. ಅವನ ಊರಿನ ಕೆರೆಯೂ ಇತ್ತು. ಮಳೆ ಬಾರದ ವರ್ಷ ಏರಿಯ ಮೇಲೆ ಕೂತು ನಾಳೆಯ ಮಾತು ಆಡುವ ಇಬ್ಬರು ರೈತರಿದ್ದರು. ಅವರು ನಿಶಾಪುರದವರೂ ಅಲ್ಲ, ಸಫಕ್ಕಿನವರೂ ಅಲ್ಲ. ನನ್ನ ಪ್ರಬಂಧದಲ್ಲಿ ನನ್ನ ಊರಿನದು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅವನದೂ ತಪ್ಪಿಲ್ಲವೆಂದಲ್ಲ. ಪದ್ಯಗಳ ಕೆಳಗೆ ಇದು ಇಂಥವರ ದಾರಿಯಲ್ಲಿ ಬರೆದದ್ದೆಂದು ಒಂದು ಸಾಲು ಹಾಕಬೇಕಾಗಿತ್ತು. ಹಾಕುವೆಯಾ ಎಂದು ನಾನೂ ಕೇಳಲಿಲ್ಲ. ಕೇಳಿದ್ದರೆ ಅವನು ಆ ಕ್ಷಣದಲ್ಲಿಯೇ ಬರೆದುಕೊಡುತ್ತಿದ್ದ.

ಆದುದರಿಂದ ಈ ವರ್ಷದ ಸಂಪಾದಕ ಮಂಡಲಿಗೆ ನನ್ನದೊಂದು ಅರಿಕೆಯಿದೆ. ಮುಂದಿನ ಪ್ರಕಟಣೆಯಲ್ಲಿ ‘ಸ್ವತಂತ್ರವಾಗಿರತಕ್ಕದ್ದು’ ಎಂಬ ಮಾತನ್ನು ತೆಗೆದು, ‘ಯಾವುದರಿಂದ ಏನನ್ನು ತೆಗೆದುಕೊಂಡಿದ್ದೀರಿ ಎಂಬುದನ್ನು ಬರೆದಿರತಕ್ಕದ್ದು’ ಎಂದು ಹಾಕಬೇಕು. ಇದರಿಂದ ಬರುವ ಬರಹಗಳ ಸಂಖ್ಯೆ ಇಳಿಯಬಹುದು. ಪ್ರಬಂಧಗಳ ಸಂಖ್ಯೆ ಬಹಳವೇ ಇಳಿಯಬಹುದು. ಇಳಿಯಲಿ. ಗುರುಗಳಲ್ಲಿಯೂ ಒಂದು ಮಾತು, ಸಲುಗೆಯಿಂದ: ತರಗತಿಯಲ್ಲಿ ಬರೆಸುವ ಟಿಪ್ಪಣಿಗಳು ಯಾರ ಪುಸ್ತಕದವೆಂದು ಮೊದಲ ಸಾಲಿನಲ್ಲಿಯೇ ಹೇಳಿದರೆ, ನಾವೂ ಹಾಗೆ ಹೇಳುವುದನ್ನು ಕಲಿಯುತ್ತೇವೆ. ನನ್ನ ಟೆನಿಸನ್ ಪ್ರಬಂಧಕ್ಕೆ ಆಧಾರವಾದ ಮೂರು ಪುಸ್ತಕಗಳ ಹೆಸರನ್ನೂ ಪುಟಗಳ ಸಂಖ್ಯೆಯನ್ನೂ ಬರೆದು ಪ್ರಧಾನ ಸಂಪಾದಕರಿಗೆ ಕೊಟ್ಟಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರ ಚಿತ್ತ.

ಗೆಳೆಯನ ಪದ್ಯಗಳನ್ನು ಈ ಸಂಚಿಕೆಗಾದರೂ ಕೊಡೆಂದು ಎರಡು ಸಲ ಕೇಳಿದೆ. ಆರನೆಯ ಪದ್ಯದಲ್ಲಿ ಫಿಟ್ಜೆರಾಲ್ಡನ ವಾಸನೆ ಇನ್ನೂ ಹೋಗಿಲ್ಲವಂತೆ. ಫಿಟ್ಜೆರಾಲ್ಡ್ ತಾನೂ 1859ರ 75 ಪದ್ಯಗಳನ್ನು 1868ರಲ್ಲಿ 110 ಮಾಡಿ, 1872ರಲ್ಲಿ 101ಕ್ಕೆ ಇಳಿಸಿ, 1879ರಲ್ಲಿ ಮತ್ತೆ ಅಚ್ಚು ಹಾಕಿಸಿದನೆಂದು ಹೇಳಿದೆ. “ಹಾಗಾದರೆ ನನಗೂ ಇನ್ನೂ ಟೈಮ್ ಇದೆ ಬಿಡಿ ಅಣ್ಣ” ಎಂದ. ಬರಹ ಕೊಡಲು ಕಡೆಯ ದಿನ ಕಳೆದು ಒಂದು ವಾರವಾಯಿತು. ಅವನ ಕೋಣೆಯ ದೀಪ ಈಗಲೂ ಉರಿಯುತ್ತಿದೆ.